ಚಹಾ ಬರುವ ಮೊದಲೇ ಚೀಟಿ ಬರೆಸಿ

ಉಡುಪಿ ಹತ್ತಿರದ ನಮ್ಮೂರಲ್ಲಿ ಒಂದು ವರ್ಷ ನವೆಂಬರ್ ಕೊನೆಗೆ ಬಯಲಾಟ ಇಟ್ಟುಕೊಂಡಿದ್ದೆವು. ಎರಡು ದಿನ ಮೊದಲು ಮೋಡ ಕಟ್ಟಿತು. ಆಟ ಗದ್ದೆಯಲ್ಲೇ ಆಡಿಸುವುದಾ, ಶಾಲೆಯ ಹಾಲಿಗೆ ಸಾಗಿಸುವುದಾ ಅಂತ 11 ಜನ ಕೂತೆವು. ಹಿರಿಯರೊಬ್ಬರು ಚಹಾ ಲೋಟ ಕೆಳಗಿಡುತ್ತಾ, "ಮಳೆ ಎಂತ ಬರ್ಲಿಕ್ಕಿಲ್ಲ ಮಾರಾಯ್ರೆ" ಅಂದರು. ಮುಗಿಯಿತು. ಉಳಿದ ಹತ್ತೂ ಕೈ ಗದ್ದೆಗೇ ಎದ್ದವು, ನನ್ನದೂ ಸೇರಿ. ಆಟದ ರಾತ್ರಿ ಹನ್ನೊಂದಕ್ಕೆ ಬಣ್ಣ ಹಚ್ಚುವ ಚೌಕಿಯೊಳಗೆ ನೀರು. ಅರ್ಧ ಬಣ್ಣ ಹಚ್ಚಿದ್ದ ವೇಷಧಾರಿಗಳೇ ಪೆಟ್ಟಿಗೆ ಹೊತ್ತು ಓಡಿದರು. ನಾವು ಚಂಡೆಗೆ ಟರ್ಪಾಲ್ ಸುತ್ತಿದೆವು.

ಲೆಕ್ಕಕ್ಕೆ ಹನ್ನೊಂದು ಮತ. ನಿಜಕ್ಕೂ ಇದ್ದದ್ದು ಒಂದೇ.

ಹೆಚ್ಚು ಜನರ ಮಾತು ಯಾವಾಗ ಸರಿಯಾಗುತ್ತದೆ ಅನ್ನುವುದನ್ನು ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಲೆಕ್ಕ ಹಾಕಿ ತೋರಿಸಿದ. ಒಬ್ಬೊಬ್ಬರೂ 100ರಲ್ಲಿ 60 ಸಲ ಸರಿ ಹೇಳುವವರು ಅಂದುಕೊಳ್ಳಿ. ಮೂವರ ಬಹುಮತ ಸುಮಾರು 65 ಸಲ ಸರಿ. 11 ಜನ ಸೇರಿದರೆ 75. ಆದರೆ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಯೋಚಿಸಿರಬೇಕು.

ಹಾಗಾಗಿ ಮೊದಲು ಪ್ರಶ್ನೆ ನೋಡಿ. ಅದಕ್ಕೆ ಸರಿ-ತಪ್ಪು ಉತ್ತರ ಉಂಟಾ? ಯಾವ ಪ್ರಸಂಗ ಆಡಿಸುವುದು ಅನ್ನುವುದು ರುಚಿಯ ವಿಷಯ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಆಮೇಲೆ ಜನ. ಇಲ್ಲೇ ಜಾಸ್ತಿ ಎಡವುವುದು. ವಿಷಯ ಗೊತ್ತಿಲ್ಲದೆ 100ರಲ್ಲಿ 40 ಸಲ ಮಾತ್ರ ಸರಿ ಹೇಳುವ 11 ಜನರನ್ನು ಕೂರಿಸಿದರೆ, ಬಹುಮತ ಸರಿಯಾಗುವುದು ಬರೀ 25 ಸಲ. ಒಬ್ಬರನ್ನೇ ಕೇಳುವುದಕ್ಕಿಂತ ಕಡೆ! ಸ್ಟೇಜಿನ ವಯರಿಂಗ್ ಸರಿ ಉಂಟಾ ಅಂತ ಕೈ ಎತ್ತಿಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಎಲ್ಲರೂ ಒಂದೇ ವಾಟ್ಸಾಪ್ ಮೆಸೇಜ್ ಓದಿ ಬಂದವರಾದರೂ ಪ್ರಯೋಜನವಿಲ್ಲ. ಬಂದರಿಗೆ ಹೋಗುವವರು, ಗದ್ದೆ ಮಾಡುವವರು, ಹವಾಮಾನ ವರದಿ ನೋಡುವವರು, ಹೀಗೆ ಬೇರೆ ಬೇರೆಯವರು ಇರಲಿ. ಸಂಖ್ಯೆ ಬೆಸವಿದ್ದರೆ ಸಮ ಸಮ ಆಗುವ ತಲೆನೋವಿಲ್ಲ.

ಇನ್ನು ಚೀಟಿ. ಮಾತು ಶುರುವಾಗುವ ಮೊದಲೇ, ಹೆಸರಿಲ್ಲದೆ ಬರೆಸಿ. ಯಾರ ಮಾತಿಗೆ ಊರಲ್ಲಿ ತೂಕ ಜಾಸ್ತಿಯೋ ಅವರು ಕೊನೆಗೆ ಮಾತಾಡಲಿ. ಇದನ್ನು ಅವರಿಗೆ ಹೇಳುವುದು ಸ್ವಲ್ಪ ಕಷ್ಟ, ಒಪ್ಪುತ್ತೇನೆ.

ಎಷ್ಟು ಜನರಿಗೆ ಊಟ ಮಾಡಿಸುವುದು ಅನ್ನುವಂಥ ಸಂಖ್ಯೆಯ ಪ್ರಶ್ನೆಗೆ ಬಹುಮತ ಬೇಡ. ಚೀಟಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವಿನದ್ದು ತೆಗೆದುಕೊಳ್ಳಿ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆದಿತ್ತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಲ್ಲಿನ 787 ಚೀಟಿ ಜೋಡಿಸಿ ನೋಡಿದಾಗ ನಡುವಿನದ್ದು 1207 ಪೌಂಡ್. ನಿಜವಾದ ತೂಕ 1198.

ನಮ್ಮೂರಲ್ಲೂ ಮುಂದಿನ ಆಟಕ್ಕೆ ಚೀಟಿ ಬರೆಸಿದೆವು. 7–4ರಲ್ಲಿ ಹಾಲ್ ಗೆದ್ದಿತು. ಮಳೆ ಬರಲೇ ಇಲ್ಲ. 100ರಲ್ಲಿ 25 ಸಲ ತಪ್ಪುತ್ತದೆ ಅಂತ ಲೆಕ್ಕವೇ ಹೇಳಿತ್ತು, ಅಲ್ವಾ? ಹಿರಿಯರು ಮಾತ್ರ ಇನ್ನೂ ನಗುತ್ತಿದ್ದಾರೆ.