ಮೊಟ್ಟೆ ಇಟ್ಟ ಮೇಲೆ ವಾಲೈ ಮೀನು ಎಲ್ಲಿ ಹೋಗುತ್ತದೆ, ಹೇಗೆ ಹಿಡಿಯುವುದು?

ಮಲೆನಾಡಿನವರಿಗೆ ಹತ್ತುಮೀನು ಗೊತ್ತಿರುತ್ತದೆ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ ಗದ್ದೆಗೆ ಬರುತ್ತದೆ, ನಾವು ಬ್ಯಾಟರಿ, ಕತ್ತಿ ಹಿಡಿದು ರಾತ್ರಿಯೆಲ್ಲ ಕಾಯುತ್ತೇವೆ. ಅಮೆರಿಕದ ಮಿನ್ನೆಸೋಟದಲ್ಲಿ ಲೆಕ್ಕ ಉಲ್ಟಾ. ಇಲ್ಲಿನ ಒಳನಾಡಿನ ಲೇಕುಗಳಲ್ಲಿ ವಾಲೈ ಮೊಟ್ಟೆ ಇಡುವ ಹೊತ್ತಿಗೆ ಅದನ್ನು ಹಿಡಿಯುವಂತಿಲ್ಲ. ಮೇ ತಿಂಗಳ ನಡುವೆ ಒಂದು ಶನಿವಾರ ಸೀಸನ್ ಶುರುವಾಗುತ್ತದೆ, ಅವತ್ತು ಊರಿಗೆ ಊರೇ ದೋಣಿ ಎಳೆದುಕೊಂಡು ಹೊರಡುತ್ತದೆ. 1965ರಿಂದ ವಾಲೈ ಈ ರಾಜ್ಯದ ಅಧಿಕೃತ ಮೀನು, ಇನ್ನೇನು ಮತ್ತೆ!

ನಾನು ಮೊದಲ ವರ್ಷ ಮಿಲ್ ಲ್ಯಾಕ್ಸ್ ಲೇಕಿನಲ್ಲಿ ಮಾಡಿದ ತಪ್ಪು ಹೇಳಿಬಿಡುತ್ತೇನೆ. ದೊಡ್ಡ ಮೀನು ಆಳದಲ್ಲಿರುತ್ತದೆ ಅಂದುಕೊಂಡು ಬಿಸಿಲಲ್ಲಿ ಮೂವತ್ತು ಅಡಿ ನೀರಿನ ಮೇಲೆ ದಿನವಿಡೀ ಕೂತೆ. ಒಂದೂ ಇಲ್ಲ. ಸಂಜೆ ವಾಪಸ್ ಬರುವಾಗ ನೋಡಿದರೆ, ಹಳ್ಳ ಬಂದು ಸೇರುವ ಕಡೆ ಒಬ್ಬ ಅಜ್ಜ ಮೊಣಕಾಲುದ್ದದ ನೀರಲ್ಲಿ ನಿಂತು ಒಂದರ ಹಿಂದೆ ಒಂದು ಎಳೆಯುತ್ತಿದ್ದಾರೆ.

ಯಾಕೆ ಅಂದರೆ, ಐಸ್ ಕರಗಿದ ಕೂಡಲೇ, ನೀರು 6ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವಾಗ, ವಾಲೈ ರಾತ್ರಿ ಹೊತ್ತು ಜಲ್ಲಿಕಲ್ಲಿನ ಕಡಿಮೆ ನೀರಿಗೆ ಬಂದು ಮೊಟ್ಟೆ ಚೆಲ್ಲುತ್ತದೆ. ಗೂಡೂ ಇಲ್ಲ, ಕಾವಲೂ ಇಲ್ಲ. ಆಮೇಲೆ ದೊಡ್ಡ ಹೆಣ್ಣುಗಳು ಸುಸ್ತಾಗಿ ಜಾಗ ಬಿಡುತ್ತವೆ, ಒಂದೆರಡು ವಾರ ಎರೆಯನ್ನು ಮೂಸಿಯೂ ನೋಡುವುದಿಲ್ಲ. ಬಾಣಂತಿಗೆ ರೆಸ್ಟ್ ಬೇಕಲ್ವಾ? ಗಂಡುಗಳು ಮಾತ್ರ ಅಲ್ಲೇ ಅಡ್ಡಾಡುತ್ತಿರುತ್ತವೆ. ಸೈಜು ಚಿಕ್ಕದು, ಹಸಿವು ಜಾಸ್ತಿ. ಸೀಸನ್ನಿನ ಮೊದಲ ಎರಡು ವಾರ ಇವುಗಳ ಹಿಂದೆ ಹೋಗಿ.

ಹಾಗಾಗಿ ಮೊದಲು ಹಳ್ಳದ ಬಾಯಿ ಅಥವಾ ಜಲ್ಲಿ ದಡ ಹುಡುಕಿ. ಅಲ್ಲಿಂದ ತಳ ಇಳಿಜಾರಾಗುವ ಮೊದಲ ಅಂಚು, ಅಂದಾಜು 6ರಿಂದ 12 ಅಡಿ, ಅಲ್ಲೇ ಶುರು ಮಾಡಿ. ಮೇ ಕೊನೆಗೆ ನೀರೊಳಗೆ ಹೊಸ ಕಳೆ ಚಿಗುರಿದಾಗ ಸಣ್ಣ ಮೀನು ಅದರೊಳಗೆ ಸೇರಿಕೊಳ್ಳುತ್ತವೆ, ವಾಲೈ ಅವುಗಳ ಬೆನ್ನಿಗೆ. ಜೂನ್ ಹೊತ್ತಿಗೆ ಕಳೆಯ ಹೊರ ಅಂಚು, ಲೇಕಿನ ನಡುವಿನ ದಿಬ್ಬಗಳು. ಅಷ್ಟರಲ್ಲಿ ಹೆಣ್ಣುಗಳೂ ಚೇತರಿಸಿಕೊಂಡಿರುತ್ತವೆ.

ಎಲ್ಲಕ್ಕಿಂತ ಮುಖ್ಯ ಗಾಳಿ. ವಾಲೈ ಕಣ್ಣಿನ ಹಿಂದೆ ಬೆಕ್ಕಿಗೆ ಇರುವಂಥ ಹೊಳೆಯುವ ಪದರ ಇದೆ, ಟಾರ್ಚ್ ಬಿಟ್ಟರೆ ಮಿಂಚುತ್ತದೆ. ಮಬ್ಬಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಅದು ಹಿಡಿಯುವ ಮೀನಿಗೆ ಅಷ್ಟು ಕಾಣುವುದಿಲ್ಲ. ಮುಂಜಾನೆ, ಮುಸ್ಸಂಜೆ ಸರಿ, ಇಲ್ಲದಿದ್ದರೆ ಅಲೆ ಎದ್ದು ಬೆಳಕು ಒಳಗೆ ಇಳಿಯದ ದಡ. ನಾವು ಸುಮ್ನೆ ಆರಾಮಾಗಿದೆ ಅಂತ ಗಾಳಿ ಇಲ್ಲದ ಮರೆಯಲ್ಲಿ ದೋಣಿ ನಿಲ್ಲಿಸುತ್ತೇವೆ, ಮೀನು ಎದುರು ದಡದಲ್ಲಿ ಊಟ ಮಾಡುತ್ತಿರುತ್ತದೆ.

ಇನ್ನು ಗಾಳ. ಜಿಗ್ ಸಾಕು, ಅಂದರೆ ತಲೆಗೆ ಸೀಸದ ಗುಂಡು ಇರುವ ಕೊಕ್ಕೆ, ಮೂರೂವರೆ ಗ್ರಾಂ ತೂಕದ್ದು. ಬೇಟ್ ಅಂಗಡಿಯಲ್ಲಿ ಮಿನ್ನೋ ಅಂತ ಬೆರಳುದ್ದದ ಜೀವಂತ ಮೀನು ಮಾರುತ್ತಾರೆ, ಅದರ ಬಾಯಿಯಿಂದ ಕೊಕ್ಕೆ ತೂರಿಸಿ. ಎಸೆದು ತಳ ಮುಟ್ಟುವವರೆಗೆ ಬಿಡಿ. ಒಂದು ಗೇಣು ಎತ್ತಿ, ದಾರ ಬಿಗಿಯಾಗಿಯೇ ಇರುವಂತೆ ಇಳಿಸಿ, ಒಂದು ಉಸಿರು ಕಾಯಿರಿ, ಮತ್ತೆ ಎತ್ತಿ. ವಾಲೈ ಸಾಮಾನ್ಯವಾಗಿ ಕಚ್ಚುವುದು ಇಳಿಯುವಾಗ. ಜಗ್ಗಾಟ ಏನೂ ಇರುವುದಿಲ್ಲ, ಸಣ್ಣದೊಂದು ಟಪ್, ಆಮೇಲೆ ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಭಾರ. ಅದನ್ನು ಗುರುತು ಹಿಡಿಯಲು ನನಗೆ ಪೂರ್ತಿ ಒಂದು ಸೀಸನ್ ಬೇಕಾಯಿತು. ಕಚ್ಚದಿದ್ದರೆ ಬಣ್ಣ ಬದಲಿಸುವ ಮೊದಲು ಕೈಯ ವೇಗ ಕಡಿಮೆ ಮಾಡಿ ನೋಡಿ, ಆ ತಣ್ಣನೆ ನೀರಲ್ಲಿ ಅದು ಅಟ್ಟಿಸಿಕೊಂಡು ಬರುವುದಿಲ್ಲ.

ನೀರು ಬೆಚ್ಚಗಾದ ಮೇಲೆ ಜಿಗಣೆ. ಹೌದು, ಜಿಗಣೆಯೇ, ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು! ಇಂಬಳಕ್ಕೆ ಸುಣ್ಣ ಹಚ್ಚಿ ಬೆಳೆದ ನನಗೆ ಮೊದಲ ಸಲ ಮುಟ್ಟಲು ಮನಸ್ಸೇ ಬರಲಿಲ್ಲ. ತಣ್ಣೀರಲ್ಲಿ ಅದು ಮುದುರಿ ಉಂಡೆಯಾಗುತ್ತದೆ, ಅದಕ್ಕೇ ಅವಸರ ಬೇಡ. ಕಚ್ಚಿ ಹಿಡಿಯುವ ದಪ್ಪ ತುದಿಗೆ ಕೊಕ್ಕೆ ಚುಚ್ಚಿ, ಬೆಂಡು ಕಟ್ಟಿ, ತಳದಿಂದ ಒಂದಡಿ ಮೇಲೆ ತೇಲಲಿ.

ಸಿಕ್ಕ ಮೇಲೆ ಹುಷಾರು. ಬಾಯಿ ತುಂಬ ಚೂಪು ಹಲ್ಲು, ಬೆನ್ನ ಮೇಲೆ ಮುಳ್ಳು, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತೆ. ನನ್ನ ಹೆಬ್ಬೆರಳಿನ ಗಾಯದ ಗುರುತು ಇನ್ನೂ ಇದೆ. ಮೇ ತಿಂಗಳ ನೀರಿಗೆ ಬಿದ್ದರೆ ಈಜು ಬಂದರೂ ಕೈಕಾಲು ಮರಗಟ್ಟುತ್ತದೆ, ಲೈಫ್ ಜಾಕೆಟ್ ಹಾಕಿಯೇ ಹತ್ತಿ.

16 ವರ್ಷ ಆದವರಿಗೆ ಲೈಸೆನ್ಸ್ ಬೇಕು. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ. ಎಷ್ಟು ಇಟ್ಟುಕೊಳ್ಳಬಹುದು, ಯಾವ ಅಳತೆಯದು ಎಂಬುದು ಲೇಕಿನಿಂದ ಲೇಕಿಗೆ ಬೇರೆ, ಹೋಗುವ ಮುಂಚೆ ಆ ವರ್ಷದ ನಿಯಮ ಓದಿ. ವಾಪಸ್ ಹೊರಡುವಾಗ ದೋಣಿಯ ನೀರೆಲ್ಲ ಬಸಿಯಿರಿ, ಉಳಿದ ಮಿನ್ನೋವನ್ನು ಲೇಕಿಗೆ ಸುರಿಯಬೇಡಿ.

ಅಡುಗೆಗೆ ಹೆಚ್ಚು ಹೇಳುವುದಿಲ್ಲ. ಇದರ ಮಾಂಸ ಬೆಳ್ಳಗೆ, ಸಣ್ಣ ಮುಳ್ಳಿನ ಕಾಟ ಕಡಿಮೆ. ಇಲ್ಲಿಯವರು ಹಿಟ್ಟಲ್ಲಿ ಅದ್ದಿ ಕರಿಯುತ್ತಾರೆ, ನಾವು ಖಾರ, ಅರಿಶಿನ, ಹುಳಿ ಹಚ್ಚಿ ರವೆಯಲ್ಲಿ ಹೊರಳಿಸುತ್ತೇವೆ. ಮೀನು ಸ್ವಲ್ಪ ದೊಡ್ಡದಿದ್ದರೆ ತಲೆ ಎಸೆಯುವ ಮುಂಚೆ ಎರಡೂ ಕೆನ್ನೆ ಬಿಡಿಸಿಕೊಳ್ಳಿ. ಒಂದೊಂದು ಕಾಸಿನಗಲ ಅಷ್ಟೇ, ನಮ್ಮ ಮನೆಯಲ್ಲಿ ಜಗಳ ಆಗುವುದು ಅದಕ್ಕೇ.