ಏಳು ಮಲ್ಲಿಗೆ ತೂಕಕ್ಕೆ ಯಾವ ಮಲ್ಲಿಗೆ?

ರಾಜಕುಮಾರಿ, ರಾಕ್ಷಸರ ಕಥೆಗಳನ್ನಿಟ್ಟುಕೊಂಡು ನಗೆಕಥೆ ಬರೆಯುತ್ತೇನೆ ಅಂದ ಕೂಡಲೇ ಕೇಳುವವರು, "ಹಳೇ ಕಥೆಗಳನ್ನ ಹೇಗೆ ಒಡೀತೀರಿ?" ಅನ್ನುತ್ತಾರೆ. ನಾನು ಒಡೆಯುವುದೇ ಇಲ್ಲ. ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ನಂಬುತ್ತೇನೆ. ನಂಬಿ, ಆ ಕಥೆಯವರನ್ನು ಬೆಂಗಳೂರಿಗೆ ಕರೆತಂದು ಬಿಡುತ್ತೇನೆ. ನಗು ಅಲ್ಲಿಂದ ತಾನಾಗಿ ಹುಟ್ಟುತ್ತದೆ.

ಏಳು ಮಲ್ಲಿಗೆ ತೂಕದ ರಾಜಕುಮಾರಿ ಎಲ್ಲರಿಗೂ ಗೊತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಅವಳು, ಇನ್ನೊಂದರಲ್ಲಿ ಏಳು ಹೂವು. ಕೇಳುವವರು ಅದನ್ನು ಅವಳ ನಾಜೂಕಿನ ವರ್ಣನೆ ಅಂದುಕೊಂಡು ಮುಂದೆ ಹೋಗುತ್ತಾರೆ. ನಾನು ತಕ್ಕಡಿಯ ಹತ್ತಿರವೇ ನಿಂತೆ. ದಿನಾ ತೂಗಬೇಕೆಂದರೆ ದಿನಾ ಹೂವು ಬೇಕು. ತರುವವರು ಯಾರು? ಎಲ್ಲಿಂದ? ಯಾವ ಮಲ್ಲಿಗೆ?

ಬೆಳಕು ಹರಿಯುವ ಮೊದಲೇ ಕೆ.ಆರ್. ಮಾರುಕಟ್ಟೆಗೆ ಹೋದೆ. ಸೇವಂತಿಗೆ, ಕನಕಾಂಬರ, ಚೆಂಡುಹೂವಿನ ರಾಶಿಗಳ ನಡುವೆ ನುಸುಳಿ, ಬಿಡಿ ಮಲ್ಲಿಗೆ ಮಾರುವ ಒಬ್ಬ ಹೆಂಗಸಿನ ಮುಂದೆ ನಿಂತು ಏಳೇ ಏಳು ಮೊಗ್ಗು ತೂಗಿಕೊಡಿ ಎಂದೆ. ಆಕೆ ನನ್ನ ಮುಖ ನೋಡಿ, ಏಳು ಎಣಿಸಿ ಹಾಕಿದರು. ತಕ್ಕಡಿಯ ಅಂಕಿ ಸೊನ್ನೆಯಿಂದ ಅಲುಗಲಿಲ್ಲ. "ಇಷ್ಟಕ್ಕೆಲ್ಲ ತೂಕ ತೋರ್ಸಲ್ಲಣ್ಣ, ಮೊಳ ತಗೊಂಡೋಗಿ" ಎಂದರು. ಕಥೆಗೆ ಬೇಕಾಗಿದ್ದ ಮೊದಲ ಸಂಗತಿ ಸಿಕ್ಕಿತು: ಅರಮನೆಯ ಹೊಸ ತಕ್ಕಡಿಯಲ್ಲಿ ರಾಜಕುಮಾರಿಯ ತೂಕ ಸೊನ್ನೆ. ಸೊನ್ನೆ ತೂಕದವಳು ಇದ್ದಾಳೆಂದು ದಾಖಲೆ ಮಾಡುವುದು ಹೇಗೆ ಎಂದು ಕರಣಿಕನಿಗೆ ಚಿಂತೆ ಹತ್ತುತ್ತದೆ.

ಎರಡನೆಯದು ಮಲ್ಲಿಗೆಯ ಜಾತಿ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ, ಮೂರಕ್ಕೂ ಭೌಗೋಳಿಕ ಸೂಚಿಕೆಯ, ಅಂದರೆ ಇದು ಇಂಥ ಊರಿನದೇ ಎಂದು ಗುರುತಿಸುವ ಜಿಐ ಮಾನ್ಯತೆ ಇದೆ. ಹಾಗಾಗಿ ಆಸ್ಥಾನದಲ್ಲಿ ಮೂವರು ಮಂತ್ರಿಗಳನ್ನು ಕೂರಿಸಿದೆ. ಉಡುಪಿ ಕಡೆ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಡುಪಿಯ ಮಂತ್ರಿ ಎದ್ದು, "ಮಹಾಪ್ರಭು, ನಮ್ಮಲ್ಲಿ ಏಳು ಹೂವು ಅಂತ ಲೆಕ್ಕವೇ ಇಲ್ಲ. ರಾಜಕುಮಾರಿಯವರು ಒಂದು ಚೆಂಡಾದರೂ ತೂಗಬೇಕು" ಎನ್ನುತ್ತಾನೆ. ಮಾತು ಅಲ್ಲಿಂದ ಯುದ್ಧದವರೆಗೆ ಹೋಗುತ್ತದೆ. ಈ ಜಗಳದಲ್ಲಿ ನಾನು ಕಟ್ಟಿದ್ದು ಬರೀ ಆಸ್ಥಾನ. ಲೆಕ್ಕ ಪೂರಾ ಊರಿನದು. ಈ ಬಗೆಯ ಕಥೆಗೆ ಇದಕ್ಕಿಂತ ಗಟ್ಟಿ ನೆಲ ನನಗೆ ಸಿಕ್ಕಿಲ್ಲ.

ಅಡುಗೂಲಜ್ಜಿಯನ್ನಂತೂ ಬಿಡುವ ಹಾಗೇ ಇರಲಿಲ್ಲ. ದೂರದಿಂದ ಬಂದ ರಾಜಕುಮಾರ ಉಳಿದುಕೊಳ್ಳುವುದು ಅವಳ ಮನೆಯಲ್ಲೇ; ಅರಮನೆಗೆ ಹೂವು ಕಟ್ಟಿಕೊಡುವವಳೂ ಅವಳೇ. ಹಳೇ ಕಥೆಯಲ್ಲಿ ಅವಳು ಏನೂ ಕೇಳದೆ ಜಾಗ ಕೊಡುತ್ತಾಳೆ. ನನ್ನವಳದು ಚಾಮರಾಜಪೇಟೆಯಲ್ಲಿ ಎರಡು ಅಂಕಣದ ಮನೆ.

"ಒಬ್ನೇನಾ ಕಣಪ್ಪ? ಮದುವೆ ಆಗಿಲ್ವಾ?"

"ಅದಕ್ಕೇ ಬಂದಿರೋದು ಅಜ್ಜಿ."

"ಬ್ಯಾಚುಲರ್‌ಗೆ ಕೊಡಲ್ಲ. ಹತ್ತು ತಿಂಗಳು ಅಡ್ವಾನ್ಸ್ ಕೊಡ್ತೀಯ ಅಂದ್ರೆ ಯೋಚ್ನೆ ಮಾಡ್ತೀನಿ. ಆಚೆ ನಿಂತಿರೋದು ಯಾರ ಕುದುರೆ?"

"ನಂದೇ. ಹಾರುತ್ತೆ."

"ಹಾರೋದಾದ್ರೆ ತಾರಸಿ ಮೇಲೆ ನಿಲ್ಸು. ನೀರಿನ ಟ್ಯಾಂಕ್ ಹತ್ರ ಬೇಡ."

ಇಲ್ಲಿ ನಾನು ಬಿಡದೆ ಪಾಲಿಸುವ ನಿಯಮವೊಂದಿದೆ. ಕಥೆಯೊಳಗೆ ಯಾರೂ ನಗಬಾರದು, ಯಾರೂ ಬೆರಗಾಗಬಾರದು. ಹಾರುವ ಕುದುರೆ ಅಂದಾಗ ಅಜ್ಜಿಗೆ ಟ್ಯಾಂಕಿನದೇ ಯೋಚನೆ. ಅವಳು ಅಲ್ಲಿ ಒಂದು ಸಲ ಕಣ್ಣರಳಿಸಿದ್ದರೂ ಓದುಗರ ನಗು ಸತ್ತುಹೋಗುತ್ತಿತ್ತು.

ರಾಕ್ಷಸನ ಕಥೆಗೆ ಬೇರೆ ತಯಾರಿ ಬೇಕಾಯಿತು. ಏಳು ಸಮುದ್ರದಾಚೆ, ಗುಹೆಯೊಳಗೆ, ಪಂಜರದ ಗಿಳಿಯಲ್ಲಿ ಅವನ ಜೀವ. ಜಗತ್ತಿನ ಜನಪದ ಕಥೆಗಳಿಗೆ ನಂಬರು ಕೊಟ್ಟಿರುವ ಆರ್ನೆ–ಥಾಂಪ್ಸನ್–ಉಥರ್ ಸೂಚಿಯಲ್ಲಿ ಈ ಮಾದರಿ 302. ಅಲ್ಲಿ ಅದರ ಹೆಸರಿನಲ್ಲಿರುವುದು ಗಿಳಿಯಲ್ಲ, ಮೊಟ್ಟೆ. ಅಂದರೆ ಜೀವ ಅಡಗುವ ಜಾಗ ಊರೂರಿಗೂ ಬದಲಾಗಬಹುದು. ಅದಕ್ಕೆ ಪೆಟ್ಟಾದರೆ ಇವನಿಗೂ ಪೆಟ್ಟು ಅನ್ನುವ ಕಟ್ಟಳೆ ಮಾತ್ರ ಬದಲಾಗದು. ಅಣಕ ಬರೆಯುವವರಿಗೆ ಇಂಥ ಸೂಚಿ ಬಹಳ ಉಪಯೋಗದ್ದು. ಎಲ್ಲಿ ಕೈಯಾಡಿಸಬಹುದು, ಎಲ್ಲಿ ಕೂಡದು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ನಾನು ಗಿಳಿಯನ್ನೇ ಉಳಿಸಿಕೊಂಡೆ. ಯಾಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿರುವ ನಾಡಿನಲ್ಲಿ ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. ರಾಜಕುಮಾರ ಏಳು ಸಮುದ್ರ ದಾಟುವ ಮೊದಲೇ ಅರಣ್ಯ ಇಲಾಖೆಯವರು ದಾಟಿ ಬರುತ್ತಾರೆ. ಗಿಳಿಯನ್ನು ಕಾಯ್ದೆಯ ಪ್ರಕಾರ ಬಿಡಿಸಿ, ಆರೈಕೆ ಮಾಡಿ, ಲಾಲ್‌ಬಾಗಿನ ಮರಗಳ ಕಡೆ ಹಾರಿಬಿಡುತ್ತಾರೆ. ಆಮೇಲಿನದೇ ನಿಜವಾದ ಕಥೆ. ಊರಿನ ಅಷ್ಟೂ ಗಿಳಿಗಳಲ್ಲಿ ತನ್ನ ಜೀವ ಯಾವುದೆಂದು ರಾಕ್ಷಸನಿಗೆ ಗೊತ್ತಿಲ್ಲ. ಮರ ಕಡಿಯಲು ಬಂದವರನ್ನೆಲ್ಲ ತಡೆಯುತ್ತಾನೆ, ಬೇಸಿಗೆಯಲ್ಲಿ ತಾರಸಿ ತಾರಸಿಗೆ ಹೋಗಿ ಬಟ್ಟಲಲ್ಲಿ ನೀರಿಡುತ್ತಾನೆ, ಗಾಳಿಪಟದ ಮಾಂಜಾ ಕಂಡರೆ ನಡುಗುತ್ತಾನೆ. ಅವನನ್ನು ಒಳ್ಳೆಯವನನ್ನಾಗಿ ಮಾಡಲು ನಾನು ಏನೂ ಮಾಡಲಿಲ್ಲ. ಹಳೇ ಕಟ್ಟಳೆಯನ್ನು ಕೊನೆತನಕ ಪಾಲಿಸಿದ್ದಷ್ಟೇ.

ಕೆಲವು ಕಥೆಗಳನ್ನು ಮುಟ್ಟುವುದಿಲ್ಲ. 'ಕೆರೆಗೆ ಹಾರ'ದ ಭಾಗೀರಥಿ ಕೆರೆಗೆ ಇಳಿಯುವುದನ್ನು ನಗೆಯಾಗಿಸಲು ನನ್ನಿಂದಾಗದು, ಯಾರಿಂದಲೂ ಆಗಬಾರದು ಎಂದೇ ನನ್ನ ಗಟ್ಟಿ ಅಭಿಪ್ರಾಯ. ನಗಬೇಕಾದದ್ದು ರಾಜನ ಡೌಲಿಗೆ, ಮಂತ್ರಿಯ ಲೆಕ್ಕಕ್ಕೆ, ಅರ್ಧ ರಾಜ್ಯದ ಜೊತೆ ಮಗಳನ್ನೂ ಬಹುಮಾನಕ್ಕಿಡುವ ಅಪ್ಪನಿಗೆ. ಬಲಿಯಾದವಳನ್ನು ಕಂಡು ನಗುವುದಕ್ಕೆ ಅಣಕವೇ ಬೇಕಾಗಿಲ್ಲ, ಲೋಕ ಅದನ್ನು ಹೇಗೂ ಮಾಡುತ್ತಲೇ ಇದೆ.

ಬರೆದದ್ದನ್ನು ಪರೀಕ್ಷಿಸುವುದು ಹಳೆಯ ರೀತಿಯಲ್ಲೇ. ರಾತ್ರಿ ಊಟವಾದ ಮೇಲೆ ಮನೆಯ, ಪಕ್ಕದ ಮನೆಯ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಹೇಳುತ್ತೇನೆ. ಕೇಳುವವರು ಹೂಂಗುಟ್ಟಬೇಕು. ಹೂಂ ಸಣ್ಣದಾದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ, ಮಾರನೇ ದಿನ ಅಲ್ಲೇ ಕತ್ತರಿ. ಮಂತ್ರಿಗಳ ಜಗಳಕ್ಕೆ ಹೂಂ ಜೋರಾಗಿಯೇ ಬಂತು. ಗಿಳಿಯ ಕಥೆಯಲ್ಲಿ ಇಲಾಖೆಯ ನೋಟಿಸು ಬಂದಾಗ ಪೂರ್ತಿ ನಿಂತುಹೋಯಿತು. ಅರ್ಧ ಪುಟದ ನೋಟಿಸು ಈಗ ಎರಡು ಸಾಲು. ಕಥೆ ಮುಗಿದಾಗ ರಾಕ್ಷಸ ಬದುಕಿದನೋ ಇಲ್ಲವೋ ಅಂತ ಒಬ್ಬರೂ ಕೇಳಲಿಲ್ಲ. "ಗಿಳಿಗೆ ಗೊತ್ತಾ, ಅದರೊಳಗೆ ಯಾರಿದಾರೆ ಅಂತ?" ಎಂದು ಪಕ್ಕದ ಮನೆಯ ಹುಡುಗಿ ಕೇಳಿದಳು. ಎರಡನೇ ಭಾಗವನ್ನು ಈಗ ಗಿಳಿಯ ಬಾಯಿಂದ ಹೇಳಿಸುತ್ತಿದ್ದೇನೆ.