ಗೋಲ್ ಕಂಬದ ಕೆಳಗೆ ಗರಿಕೆ ನಾಟಿ

ಸೆಪ್ಟೆಂಬರ್ ಬಂದು ಮೆಲ್ಬರ್ನಿನ ನಮ್ಮ ಫುಟಿ (ಆಸ್ಟ್ರೇಲಿಯಾದವರ ಫುಟ್‌ಬಾಲ್) ಲೀಗಿನ ಆಟ ಮುಗಿಯಿತೆಂದರೆ ಕ್ಲಬ್ಬಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಯಾರು ಬಿಟ್ಟು ಹೋದರು, ಯಾರು ಬರುತ್ತಾರೆ, ಕೋಚ್ ಉಳಿಯುತ್ತಾನಾ, ನವೆಂಬರಿನ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಮತ್ತೆ ನಿಲ್ಲುತ್ತಾರಾ. ನನಗೆ ಅದ್ಯಾವುದೂ ತಲೆಗೆ ಹೋಗುವುದಿಲ್ಲ. ನಾನು ಎರಡು ತುದಿಯ ಗೋಲ್ ಬಾಯಿಗಳನ್ನು, ಅಂದರೆ ಗೋಲ್ ಕಂಬಗಳ ಮುಂದಿನ ನೆಲವನ್ನು, ನೋಡುತ್ತಾ ನಿಂತಿರುತ್ತೇನೆ. 2025ರಲ್ಲಿ ಹಾಗೆ ನಿಂತು ನೋಡಿದಾಗ ಅಲ್ಲಿ ಹುಲ್ಲಿತ್ತು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಫುಟಿ ಎಂದರೇನು ಎಂದು ವಿವರಿಸುತ್ತಾ ಕೂರುವುದಿಲ್ಲ. ಮೆಲ್ಬರ್ನಿನಲ್ಲಿ ಕ್ರಿಕೆಟ್ ಕ್ಲಬ್ ನಡೆಸುವ ನಮ್ಮವರಿಗೆ ಹೇಗೂ ಗೊತ್ತು, ಬೇಸಿಗೆಯಲ್ಲಿ ನೀವು ಆಡುವ ಮೈದಾನವನ್ನೇ ಚಳಿಗಾಲದಲ್ಲಿ ನಾವು ಉಳುವುದು. ನಮ್ಮದು ನಗರದ ಪಶ್ಚಿಮಕ್ಕೆ, ವೆರಿಬೀ ಕಡೆ. ಆ ಬಯಲಿನ ಮಣ್ಣು ನಮ್ಮ ಎರೆಮಣ್ಣಿನ ತಮ್ಮ. ಜುಲೈಯಲ್ಲಿ ಬೂಟು ಕಿತ್ತುಕೊಳ್ಳುತ್ತದೆ, ಜನವರಿಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಕಂಬಗಳ ಮುಂದೆ ಗೆರೆ ಎಳೆದ ಗೋಲ್ ಸ್ಕ್ವೇರ್ ಅಳತೆ 9 ಮೀಟರ್‌ಗೆ 6.4 ಮೀಟರ್, ಆದರೆ ಕೆಸರಾಗುವುದು ಅದರ ಮೂರರಷ್ಟು ಜಾಗ. ಎರಡೂ ತುದಿ ಸೇರಿ ಸುಮಾರು 360 ಚದರ ಮೀಟರ್. ಆಗಸ್ಟ್ ಹೊತ್ತಿಗೆ ಅಲ್ಲಿ ಭತ್ತ ನಾಟಿ ಮಾಡಬಹುದಿತ್ತು.

ಎಲ್ಲರೂ ಮಳೆಯನ್ನು ಬೈಯುತ್ತಿದ್ದರು. ನಾನೂ ಬೈದೆ. ಎರಡು ವರ್ಷ ಆದಮೇಲೆ ತಿಳಿದದ್ದು, ಹುಲ್ಲನ್ನು ಕೊಲ್ಲುತ್ತಿದ್ದದ್ದು ಮಳೆಯಲ್ಲ, ದೀಪ. ನಮ್ಮ ದೀಪದ ಬೆಳಕು ಚೆನ್ನಾಗಿ ಬೀಳುವುದು ಕ್ಲಬ್ ಮನೆಯ ಕಡೆಯ ತುದಿಗೆ ಮಾತ್ರ. ಮಂಗಳವಾರ, ಗುರುವಾರ ಸಂಜೆ ಸೀನಿಯರ್, ರಿಸರ್ವ್ (ಎರಡನೇ ತಂಡ), ಹೆಂಗಸರ ತಂಡ ಎಲ್ಲ ಆ ಬೆಳಕಿಗೇ ಹುಳುಗಳ ಹಾಗೆ ಮುತ್ತುತ್ತಿದ್ದವು. ಶನಿವಾರದ ಆಟಕ್ಕಿಂತ ಈ ಎರಡು ಸಂಜೆಗಳ ತುಳಿತವೇ ಹೆಚ್ಚು. ಇನ್ನೊಂದು ತುದಿ ಅರ್ಧ ಜೀವವಾದರೂ ಇಟ್ಟುಕೊಂಡಿರುತ್ತಿತ್ತು.

ಮೊದಲ ಸೋಲು 2022ರದ್ದು. ಸೆಪ್ಟೆಂಬರ್ ಕೊನೆಗೆ ಒಂದು ಮೂಟೆ ರೈ ಹುಲ್ಲಿನ ಬೀಜ ತಂದು ಎರಚಿದೆ. ನೂರೈವತ್ತು ಡಾಲರ್ ಇರಬೇಕು. ಹತ್ತೇ ದಿನಕ್ಕೆ ಒಟ್ಟಲು ಪಾತಿಯ ಹಾಗೆ ಹಸಿರಾಯಿತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ, ಅದೇ ತಪ್ಪು. ಆ ಅಕ್ಟೋಬರಿನ ಮಳೆ ಇಲ್ಲಿದ್ದವರಿಗೆ ಮರೆತಿರಲಾರದು, ಮರಿಬಿರ್ನಾಂಗ್ ನದಿ ಮನೆಗಳಿಗೆ ನುಗ್ಗಿದ ತಿಂಗಳು. ನಮ್ಮ ಗೋಲ್ ಬಾಯಲ್ಲಿ ಬಾತುಕೋಳಿ ಈಜಿದವು. ಡಿಸೆಂಬರ್ ಎಂದರೆ ಇಲ್ಲಿ ಬೇಸಿಗೆ, ಉಳಿದಷ್ಟನ್ನು ಬಡಗಣ ಬಿಸಿಗಾಳಿ ಸುಟ್ಟಿತು. ಕ್ರಿಸ್‌ಮಸ್ ಹೊತ್ತಿಗೆ ಮತ್ತೆ ಬೋಳು.

ಎರಡನೆಯದು 2023ರ ನವೆಂಬರ್. ಇಲ್ಲಿನವರು ಕೌಚ್ ಅನ್ನುವ ಹುಲ್ಲಿನ ಬೀಜ ತಂದೆ. 5 ಕೆಜಿಗೆ ನಾಲ್ಕು ನೂರರ ಮೇಲಾಯಿತು, ನನ್ನದೇ ಜೇಬಿನಿಂದ. ಖಜಾಂಚಿ ಮುಖ ನೋಡಿಯೇ ಬಿಲ್ ಕೇಳುವ ಧೈರ್ಯ ಬರಲಿಲ್ಲ. ಬೀಜ ಸಾಸಿವೆಗಿಂತ ಸಣ್ಣ. ರೈತನ ಮಗ ಅಲ್ಲವಾ, ಬೀಜ ಕಣ್ಣಿಗೆ ಬೀಳುವಂತಿರಬಾರದು ಅಂತ ರಾಗಿಗೆ ಮಾಡುವಂತೆ ಮೇಲೆ ಮಣ್ಣೆಳೆದೆ. ಅದು ಮೇಲ್ಮಣ್ಣಿನಲ್ಲೇ ಇರಬೇಕಾದ ಬೀಜ. ಅರ್ಧ ಒಳಗೇ ಸತ್ತಿತು. ಮೇಲೆ ಬಂದದ್ದನ್ನು ಕೊರೆಲ್ಲಾಗಳು ಕಿತ್ತವು. ಆ ಬಿಳಿ ಗಿಳಿಗಳ ಕೊಕ್ಕು ಕುರುಪಿ ಇದ್ದಂತೆ. ಒಂದು ಬೆಳಗ್ಗೆ ನೂರಾದರೂ ಇದ್ದವು, ಶಿಸ್ತಾಗಿ ಸಾಲು ಹಿಡಿದು ಕಳೆ ಕೀಳುತ್ತಿದ್ದವು. ಆ ಶಿಸ್ತು ನಮ್ಮ ರಿಸರ್ವ್ ತಂಡಕ್ಕಿದ್ದರೆ ಫೈನಲ್ ಆಡುತ್ತಿದ್ದೆವು.

ಆಮೇಲೆ ನಾನು ಕ್ಲಬ್ಬಿನ ತಮಾಷೆಯಾದೆ. ಬಿಯರ್ ಹಿಡಿದವರೆಲ್ಲ ‘ಈ ವರ್ಷ ಏನು ಬೆಳೆ ಹಾಕ್ತೀಯಾ’ ಅನ್ನುವರು.

ದಾರಿ ತೋರಿಸಿದ್ದು ನಮ್ಮಪ್ಪ, ಮಂಡ್ಯದ ಕಡೆಯ ಹಳ್ಳಿಯಿಂದ, ವಿಡಿಯೋ ಕರೆಯಲ್ಲಿ. ಕೌಚ್ ಎಂದರೆ ಏನೂ ಅಲ್ಲ, ನಮ್ಮ ಗರಿಕೆ. ಫೋನು ಹುಲ್ಲಿನ ಹತ್ತಿರ ಹಿಡಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಲೇ ಮಗ, ಗರ್ಕೆ ಕಿತ್ತು ಕಿತ್ತು ನಮ್ಮಪ್ಪನ ಸೊಂಟ ಬಿತ್ತು, ನನ್ ಸೊಂಟನೂ ಬಿತ್ತು. ನೀನು ಇಮಾನ ಹತ್ಕೊಂಡು ಹೋಗಿ ಅಲ್ಲಿ ಗರ್ಕೆ ಬೆಳೀತಿದ್ದೀಯಾ?’ ನಕ್ಕು ಮುಗಿದಮೇಲೆ ಕೇಳಿದರು, ‘ಬೀಜ ಯಾಕ್ಲಾ ಹುಡುಕ್ತೀಯ? ಗರ್ಕೆ ಬೀಜದಿಂದ ಬಂದದ್ದು ಯಾವತ್ತು ನೋಡಿದ್ದೆ? ಕುಂಟೆ ಹೊಡ್ದು ತುಂಡು ಮಾಡ್ದಷ್ಟೂ ಹಬ್ತದೆ.’

ಗರಿಕೆ ಹಬ್ಬಬಾರದೆಂದು ನಾವು ಏನೇನು ಮಾಡಬಾರದಿತ್ತೋ, ಅದನ್ನೇ ಮಾಡಿದರೆ ಆಯಿತು.

ತುಂಡು ಎಲ್ಲಿಂದ? ಮೈದಾನದ ಪೂರ್ವದ ಅಂಚಿನಲ್ಲಿ ಕೌಚ್ ಬೇಲಿ ದಾಟಿ ಕಾಂಕ್ರೀಟ್ ದಾರಿಯ ಮೇಲೆ ಮೊಳಗಟ್ಟಲೆ ಹರಿದಿತ್ತು. ನೀರಿಲ್ಲ, ಗೊಬ್ಬರವಿಲ್ಲ, ಜನ ತುಳಿದಾಡುತ್ತಾರೆ, ಆದರೂ ಬದುಕಿದೆ. ನಮ್ಮ ಲೀಗಿನಲ್ಲಿ ಆಟಗಾರರಿಗೆ ಪಾಯಿಂಟ್ ಲೆಕ್ಕ ಉಂಟಲ್ಲ, ಹೊರಗಿನಿಂದ ತಂದವನಿಗೆ ಹೆಚ್ಚು, ನಮ್ಮಲ್ಲೇ ಬೆಳೆದವನಿಗೆ ಒಂದು, ಕಡಿಮೆಯಿದ್ದಷ್ಟೂ ಕ್ಲಬ್ಬಿಗೆ ಒಳ್ಳೆಯದು. ಇದು ಒಂದು ಪಾಯಿಂಟಿನ ಹುಲ್ಲು. ನರ್ಸರಿಯ ಸುರುಳಿ ಹುಲ್ಲು ಹಾಸಲು ಒಬ್ಬರು ಒಂಬತ್ತು ಸಾವಿರ ಡಾಲರ್ ಹೇಳಿದ್ದರು. ಆ ದುಡ್ಡಿದ್ದಿದ್ದರೆ ಕಮಿಟಿ ಗೋಲ್ ಹೊಡೆಯುವ ಒಬ್ಬ ಫುಲ್ ಫಾರ್ವರ್ಡನ್ನು ತರುತ್ತಿತ್ತು.

ಮೈದಾನ ಕೌನ್ಸಿಲ್ಲಿನದು, ಅಂದರೆ ಇಲ್ಲಿನ ನಗರಸಭೆಯದು, ಒಂದು ಗುದ್ದಲಿ ಹಾಕಬೇಕಾದರೂ ಬರಹದಲ್ಲಿ ಒಪ್ಪಿಗೆ ಬೇಕು. ಇಮೇಲ್ ಬರೆದು ಬರೆದು ಆರು ವಾರ ಕಳೆದವು. ಕೊನೆಗೆ ಎರಡು ಗೋಲ್ ಬಾಯಿ ಮಾತ್ರ, ಕಳೆನಾಶಕ ಮುಟ್ಟಕೂಡದು, 10 ಸೆಂಟಿಮೀಟರಿಗಿಂತ ಆಳ ಅಗೆಯಕೂಡದು ಎಂದು ಒಪ್ಪಿದರು. ಆ ಅಧಿಕಾರಿಯನ್ನು ಹೇಗೆ ಒಪ್ಪಿಸಿದೆ ಎನ್ನುವುದು ನನ್ನಲ್ಲೇ ಇರಲಿ. ಮೈಸೂರು ಪಾಕ್ ಅಲ್ಲ ಎಂದಷ್ಟು ಹೇಳಬಲ್ಲೆ.

ದುಡ್ಡಿಗೆ ಬನ್ನಿಂಗ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯ ಮುಂದೆ ಸಾಸೇಜ್ ಸುಟ್ಟು ಮಾರಿದೆವು. ಆಗ ಒಂದಕ್ಕೆ ಮೂರೂವರೆ ಡಾಲರ್, ಈರುಳ್ಳಿ ಸಾಸೇಜಿನ ಕೆಳಗೆ. ಮೇಲಿಟ್ಟರೆ ಜಾರಿ ಬಿದ್ದು ಯಾರಾದರೂ ಅದರ ಮೇಲೆ ಕಾಲಿಟ್ಟು ಬೀಳುತ್ತಾರಂತೆ, 2018ರಿಂದ ಆ ನಿಯಮ. ಹುಟ್ಟಿದಾರಭ್ಯ ಮಾಂಸ ಮುಟ್ಟದ ನನ್ನ ಹೆಂಡತಿ ಇಡೀ ದಿನ ಈರುಳ್ಳಿ ಹೆಚ್ಚಿದಳು. ಖರ್ಚು ಕಳೆದು ಹನ್ನೆರಡು ನೂರು ಉಳಿದಿರಬೇಕು. ಅದರಲ್ಲಿ ಅರ್ಧ ಹುಲ್ಲಿಗೆ, ಅರ್ಧ ಹೊಸ ಚೆಂಡುಗಳಿಗೆ ಎಂದು ಒಪ್ಪಂದ. ಚೆಂಡಿನ ಕಡೆಗೆ ಅರ್ಧಕ್ಕಿಂತ ಹೆಚ್ಚೇ ಹೋಯಿತು.

2024ರ ನವೆಂಬರ್. ದಿನಾಂಕ ನೋಡಿ ನೆಡಬೇಡಿ. ಹೆಂಡತಿಯ ಅಡುಗೆ ಥರ್ಮಾಮೀಟರನ್ನು ಬೆಳಗ್ಗೆ ಒಂಬತ್ತಕ್ಕೆ ಮಣ್ಣಿಗೆ ಚುಚ್ಚಿ ನೋಡುತ್ತಿದ್ದೆ. ಸತತ ಒಂದು ವಾರ 18 ಡಿಗ್ರಿ ದಾಟಿದ ಮೇಲೆ ಕೈಹಾಕಿದೆ. ಫೋರ್ಕಿನಿಂದ ಸಡಿಲಿಸಿ, ಹತ್ತು ಚೀಲ ಜಿಪ್ಸಂ, ಮೂರು ಘನ ಮೀಟರ್ ತೊಳೆದ ಮರಳು ಬೆರೆಸಿ, ಹಲಗೆ ಹೊಡೆದು ಮಟ್ಟ ಮಾಡಿದೆ. ಮರಳು ಇನ್ನೂ ಬೇಕಿತ್ತು, ದುಡ್ಡಿರಲಿಲ್ಲ. ಅಂಚಿನಿಂದ ಕಿತ್ತ ಬಳ್ಳಿಯನ್ನು ಕಬ್ಬಿನ ತುಂಡಿನ ಹಾಗೆ ಮೂರು ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಒಂದು ರಾತ್ರಿ. ಆ ಗೋಣಿಯನ್ನು ಯಾವುದರಲ್ಲಿ ನೆನೆಸಿದ್ದೆ ಎಂದು ಪಕ್ಕದ ಕ್ಲಬ್ಬಿನವರು ಎರಡು ಸಲ ಕೇಳಿದ್ದಾರೆ. ಇನ್ನೂ ಕೇಳಲಿ.

ನಾಟಿ ಪೈರಿನ ಸಾಲಿನಂತೆ. ಸಾಲಿಂದ ಸಾಲಿಗೆ ಒಂದು ಗೇಣು. ಎರಡು ಗೆಣ್ಣು ಮಣ್ಣೊಳಗೆ, ಒಂದು ಮೇಲೆ, ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಬೇಕು. ಗಾಳಿ ಒಳಹೋದರೆ ತುಂಡು ಒಣಗುತ್ತದೆ. ಒಂದು ಚದರ ಮೀಟರ್ ಅಂಚಿನ ಹುಲ್ಲು ಹತ್ತು ಹನ್ನೆರಡು ಚದರ ಮೀಟರಿಗೆ ಬಂತು. ಮೊದಲ ಶನಿವಾರ ನಾನು, ಮಗ, ಇಬ್ಬರು ಕನ್ನಡದ ಗೆಳೆಯರು. ನಲವತ್ತು ವರ್ಷದಿಂದ ಕ್ಲಬ್ಬಿನಲ್ಲಿರುವ ಹಿರಿಯರೊಬ್ಬರು ಬೇಲಿಗೆ ಒರಗಿ ನೋಡುತ್ತಾ, ‘ಮೇಟ್, 360 ಚದರ ಮೀಟರ್ ಕೈಯಲ್ಲಾ? ಚಳಿಗಾಲದಲ್ಲಿ ಹೇಗೂ ಕಂದಿಹೋಗುತ್ತೆ’ ಅಂದರು. ಕಂದುತ್ತದೆ, ನಿಜ. ಆದರೆ ಕಂದಿದ ಗರಿಕೆಯ ಬೇರು ಮಣ್ಣನ್ನು ಬಿಡುವುದಿಲ್ಲ, ಕುಂಟೆ ಹೊಡೆದವನಿಗೆ ಅದು ಗೊತ್ತು. ಎರಡನೇ ಶನಿವಾರ ಆ ಹಿರಿಯರೇ ಮಂಡಿಗೆ ದಿಂಬು ಕಟ್ಟಿಕೊಂಡು ಬಂದರು.

ಮೇಲೆ ಹಕ್ಕಿ ಬಲೆ, ಸುತ್ತ ಕಂಬ, ಹಗ್ಗ. ಕ್ರಿಕೆಟ್‌ನವರನ್ನು ಕೇಳಿಕೊಂಡು ಬೌಂಡರಿ ಹಗ್ಗವನ್ನು ಎರಡೂ ತುದಿಯಲ್ಲಿ ಐದಾರು ಮೀಟರ್ ಒಳಗೆ ಎಳೆಸಿದೆ. ಅವರ ಬ್ಯಾಟ್ಸ್‌ಮನ್‌ಗಳು ಆ ವರ್ಷ ನನ್ನನ್ನು ಬಹಳ ಪ್ರೀತಿಸಿದರು. ಮೊದಲ ಹತ್ತು ದಿನ ದಿನಕ್ಕೆ ಮೂರು ಸಲ ನೀರು, ಒಂದೊಂದು ಸಲಕ್ಕೆ ಸ್ವಲ್ಪವೇ. ಕೌನ್ಸಿಲ್ಲಿನ ಸ್ಪ್ರಿಂಕ್ಲರ್ ವಾರಕ್ಕೆರಡು ರಾತ್ರಿ ಮಾತ್ರ, ಆದ್ದರಿಂದ ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವ ಮುಂಚೆ ನಾನು ಪೈಪ್ ಹಿಡಿಯುತ್ತಿದ್ದೆ, ಮಧ್ಯಾಹ್ನ ಹತ್ತಿರದ ಮನೆಯ ಒಬ್ಬರು, ಸಂಜೆ ಮಗ. ಡಿಸೆಂಬರ್ ನಡುವೆ ಬಿಸಿಲು 40ರ ಹತ್ತಿರ ಹೋದ ದಿನ ಆಫೀಸಿಗೆ ರಜೆ ಹಾಕಿದೆ. ಕಾರಣ ಏನೆಂದು ಬರೆದೆ, ಹೇಳಲಾರೆ. ದಕ್ಷಿಣದ ತುದಿಯಲ್ಲಿ ಒಂದು ಪಟ್ಟೆ ಅವತ್ತೇ ಹೋಯಿತು, ಜನವರಿಯಲ್ಲಿ ಮತ್ತೆ ನೆಟ್ಟೆ.

ಮೂರನೇ ವಾರ ಏನೂ ಕಾಣದೆ ಹೊಟ್ಟೆ ಹಿಡಿದುಕೊಂಡಿದ್ದೆ. ನಾಲ್ಕನೇ ವಾರ ಬಳ್ಳಿ ಹೊರಟಿತು ನೋಡಿ, ಕೆಲವು ದಿನ ಕಣ್ಣೆದುರೇ ಬೆರಳುದ್ದ ಮುಂದೆ ಹೋಗುತ್ತಿತ್ತು. ಆಗ ಮೊದಲ ಕತ್ತರಿ, ಎತ್ತರಕ್ಕೆ. ಕತ್ತರಿಸಿದಷ್ಟೂ ಅಡ್ಡಕ್ಕೆ ಹರಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಅಮೋನಿಯಂ ಸಲ್ಫೇಟ್, ಹಾಕಿದ ಕೂಡಲೇ ನೀರು. ಫೆಬ್ರವರಿ ಮಧ್ಯಕ್ಕೆ ನಾಲ್ಕರಲ್ಲಿ ಮೂರು ಪಾಲು ಮುಚ್ಚಿತ್ತು. ಒಟ್ಟು ಖರ್ಚು ಆರುನೂರೈವತ್ತರ ಆಸುಪಾಸು. ನನ್ನ ಪೆಟ್ರೋಲ್, ಗೆಳೆಯರ ಚಿತ್ರಾನ್ನ ಇದರಲ್ಲಿ ಸೇರಿಲ್ಲ.

ನಡುವೆ ಎರಡು ಹುಚ್ಚುಗಳನ್ನೂ ಮಾಡಿದೆ. ಒಂದು ಜೀವಾಮೃತ. ಬ್ಯಾಕಸ್ ಮಾರ್ಷ್ ಕಡೆಯಿಂದ ಸಗಣಿ, ಗಂಜಲ ತಂದು, ಇಂಡಿಯನ್ ಅಂಗಡಿಯ ಬೆಲ್ಲ, ಕಡಲೆ ಹಿಟ್ಟು ಹಾಕಿ ಕ್ಲಬ್ಬಿನ ಶೆಡ್‌ನಲ್ಲಿ ಡ್ರಮ್ಮಿನಲ್ಲಿ ಕಲಸಿಟ್ಟೆ. ಮೂರನೇ ದಿನ ಅಧ್ಯಕ್ಷರು ಶೆಡ್‌ನಲ್ಲಿ ಏನೋ ಸತ್ತಿದೆ ಎಂದು ಹುಡುಕಿಸಿದರು. ಉತ್ತರದ ತುದಿಗೆ ಅರ್ಧ ಹಾಕಿ ಅರ್ಧ ಬಿಟ್ಟೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಅಪ್ಪನಿಗೆ ಮಾತ್ರ ಚೆನ್ನಾಗಿ ಬಂತು ಎಂದಿದ್ದೇನೆ.

ಇನ್ನೊಂದು ಕಬಡ್ಡಿ. ಗೋಲ್ ಬಾಯಿಂದ ಹುಡುಗರನ್ನು ದೂರ ಇಡಲು ಏನಾದರೂ ಬೇಕಿತ್ತು, ಪ್ರೀ ಸೀಸನ್ ತಾಲೀಮಿಗೆ ಟ್ಯಾಕಲ್ ಕಲಿಸುತ್ತೇನೆ ಎಂದು ಕೋಚ್‌ಗೆ ಹೇಳಿ ಒಂದು ಪಕ್ಕದಲ್ಲಿ ಗೆರೆ ಎಳೆದೆ. ಎರಡು ವಾರ ಎಲ್ಲರಿಗೂ ಖುಷಿ. ಆಮೇಲೆ ಅಭ್ಯಾಸದ ಪಂದ್ಯದಲ್ಲಿ ನಮ್ಮ ಹುಡುಗನೊಬ್ಬ ಎದುರಾಳಿಯ ಪಾದ ಹಿಡಿದು ಚೆನ್ನಾಗಿ ಎಳೆದ. ಫುಟಿಯಲ್ಲಿ ಹಿಡಿಯಬೇಕಾದದ್ದು ಭುಜದ ಕೆಳಗೆ, ಮಂಡಿಯ ಮೇಲೆ. ಫ್ರೀ ಕಿಕ್, ಗೋಲ್, ಆರು ಪಾಯಿಂಟ್. ಕಬಡ್ಡಿ ಅಲ್ಲಿಗೆ ನಿಂತಿತು. ಆದರೆ ಕೋಚ್ ನನ್ನ ಜೊತೆ ಮಾತಾಡುವಂತಾದ, ನನಗೆ ಬೇಕಿದ್ದದ್ದು ಅದೇ. ಗುರುವಾರದ ತಾಲೀಮನ್ನು ದೀಪದ ತುದಿಯಿಂದ ಇಪ್ಪತ್ತು ಮೀಟರ್ ಮಧ್ಯಕ್ಕೆ ಸರಿಸಿದ, ಗೋಲ್ ಒದೆಯುವ ಅಭ್ಯಾಸಕ್ಕೆ ಎತ್ತಿಡುವ ಕಂಬ ತಂದೆವು. ಇದಾಗದಿದ್ದರೆ ನನ್ನ ಗರಿಕೆ ಜೂನ್ ದಾಟುತ್ತಿರಲಿಲ್ಲ. ನೆಟ್ಟದ್ದಕ್ಕಿಂತ ಇದೇ ದೊಡ್ಡ ಕೆಲಸ ಎಂದು ಈಗ ಅನಿಸುತ್ತದೆ.

ಏಪ್ರಿಲ್ ಮೊದಲ ವಾರ ಮೇಲೆ ರೈ ಬೀಜ ತೆಳ್ಳಗೆ ಎರಚಿದೆ, ಗರಿಕೆ ಮಲಗಿದಾಗ ಹಸಿರಿಗೆ ಅದು. ದಪ್ಪ ಎರಚಿದರೆ ವಸಂತದಲ್ಲಿ ರೈ ಗರಿಕೆಯನ್ನು ಏಳಗೊಡುವುದಿಲ್ಲ, ಅಕ್ಟೋಬರಿನಲ್ಲಿ ತಗ್ಗಿಸಿ ಕತ್ತರಿಸಲೇಬೇಕು.

2025ರ ಕೊನೆಯ ತವರು ಪಂದ್ಯದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ನಾಲ್ಕನೇ ಕ್ವಾರ್ಟರ್‌ನಲ್ಲೂ ಗೋಲ್ ಸ್ಕ್ವೇರಿನ ಬಿಳಿ ಗೆರೆ ಕಾಣುತ್ತಿತ್ತು. ಎದುರು ತಂಡದ ಟ್ರೈನರ್ ಬಂದು ಎಷ್ಟು ಖರ್ಚಾಯಿತು ಎಂದು ಕೇಳಿದ. ಹೇಳಿದೆ, ನಂಬಲಿಲ್ಲ. ಪಂದ್ಯ ಸೋತೆವು, ಅದು ಬೇರೆ ಮಾತು.

ಮಧ್ಯದ ವೃತ್ತ ಮಾತ್ರ ಹಾಗೇ ಉಳಿದಿದೆ. ಕ್ರಿಕೆಟ್ ಪಿಚ್ಚಿನ ಎರಡೂ ಕೊನೆಯಲ್ಲಿ ಬೋಳು, ಬೇಸಿಗೆಯಲ್ಲಿ ಅಲ್ಲಿ ಹಗ್ಗ ಕಟ್ಟುವಂತಿಲ್ಲ. ದಕ್ಷಿಣದ ತುದಿಯ ಎಡ ಕಂಬದ ಹಿಂದೆ ನೀರು ನಿಲ್ಲುವ ಒಂದು ಗುಂಡಿಯೂ ಇದೆ, ಅದಕ್ಕೆ ಮರಳೇ ಮದ್ದು.

ಇನ್ನೊಂದು ತೊಂದರೆ ಶುರುವಾಗಿದೆ. 2025ರ ಆಗಸ್ಟಿನಲ್ಲಿ ಗಣೇಶನ ಹಬ್ಬಕ್ಕೆ ಗರಿಕೆ ಕೇಳಿಕೊಂಡು ಸಾಲಾಗಿ ಫೋನ್. ‘ಸಾರ್, ನಿಮ್ಮತ್ರ ಒಂದು ಮೈದಾನವೇ ಇದೆಯಂತಲ್ಲ.’ ಮೈದಾನದ್ದು ಆ ಹೊತ್ತಿಗೆ ಒಣ ಹುಲ್ಲಿನ ಬಣ್ಣ, ಅದನ್ನು ಏರಿಸಿದರೆ ಗಣೇಶನೇ ಎದ್ದು ಹೋದಾನು. ಹಿತ್ತಲಿನ ಗಾಜಿನ ಮಾಡಿನ ಕೆಳಗೆ ಸೋತ ತುಂಡುಗಳ ಬದಲಿಗೆಂದು ಎರಡು ಟ್ರೇ ಇಟ್ಟಿದ್ದೆ, ಅದು ಹಸಿರಾಗಿತ್ತು. ಮನೆಗೆ 21ರಂತೆ ಹನ್ನೊಂದು ಮನೆಗೆ ಹಂಚಿದೆ, ಆಮೇಲೆ ಖಾಲಿ. ಮುಂದಿನ ಹಬ್ಬಕ್ಕೆ ಬೇಕಾದವರು ಈಗಲೇ ಹೇಳಿ. ನವೆಂಬರಿನಲ್ಲಿ ನಾಟಿಗೆ ಬಂದವರಿಗೆ ಮೊದಲು. ಕೈಗವಸು ನೀವೇ ತನ್ನಿ.